ಕಾರ್ಕಳ ಕಡೆಯ ಪದವಿನ ಮೇಲೆ ಕ್ವಾಡ್ ಬೈಕ್ ಓಡಿಸಿದ್ದು

ಅಕ್ಕನ ಮಕ್ಕಳಿಗೆ ದಸರಾ ರಜೆ. ನಾನೂ ಬೆಂಗಳೂರಿನಿಂದ ಉಡುಪಿಗೆ ಬಂದಿದ್ದೆ. ಮಗಳು ಡಿಗ್ರಿ ಮೊದಲ ವರ್ಷ, ಮಗ ಆರನೇ ಕ್ಲಾಸು. ಇಬ್ಬರದೂ ಒಂದೇ ಹಟ, ಈ ಸಲ ಎಟಿವಿ, ಅಂದರೆ ಕ್ವಾಡ್ ಬೈಕ್ ಓಡಿಸಲೇಬೇಕು. ನಮ್ಮ ಕರಾವಳಿಯಲ್ಲಿ ಎಟಿವಿ ಅಂದರೆ ಮೊದಲು ನೆನಪಾಗುವುದು ಬೀಚು. ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ, ಬೈಕಿನ ಥರ ಹ್ಯಾಂಡಲ್ಲು, ದುಡ್ಡು ಕೊಟ್ಟರೆ ಮರಳಿನ ಮೇಲೆ ಒಂದು ರೌಂಡು. ಹಿಂದೆ ಒಬ್ಬ ಹುಡುಗ ಕೂತು ತಾನೇ ಹ್ಯಾಂಡಲ್ಲು ಹಿಡಿದಿರುತ್ತಾನೆ, ಐದು ನಿಮಿಷಕ್ಕೆಲ್ಲ ಮುಗಿಯುತ್ತದೆ.

ಬೀಚು ಬೇಡ ಅಂತ ನಾನು ಪಟ್ಟು ಹಿಡಿದೆ. ಒಂದು ಕಾರಣ, ಹಿಂದೆ ಒಂದು ಕಡೆ ಇದೇ ಹುಡುಗಿಯನ್ನು ಹೆಲ್ಮೆಟ್ ಇಲ್ಲದೆ ಕೂರಿಸಿದ್ದರು. ಕೇಳಿದ್ದಕ್ಕೆ, "ಮರಳಲ್ವಾ ಮೇಡಂ, ಬಿದ್ದರೂ ಎಂತ ಆಗುವುದಿಲ್ಲ" ಅಂದಿದ್ದರು. ಮರಳು ಮೆತ್ತಗೇ ಇರಬಹುದು, ಆದರೆ ಇಂಥ ಗಾಡಿ ನೂರೈವತ್ತರಿಂದ ಮುನ್ನೂರು ಕಿಲೋ ತೂಗುತ್ತದೆ. ಮಗುಚಿದರೆ ಅದು ನಮ್ಮ ಮೇಲೆ ಬೀಳುತ್ತದೆ.

ಇನ್ನೊಂದು ಕಾರಣ ಆಮೆ. 2024ರ ಆರಂಭದಲ್ಲಿ ಮಂಗಳೂರಿನ ತಣ್ಣೀರುಬಾವಿ, ಸಸಿಹಿತ್ಲು ಕಡೆಯ ಮರಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಟ್ಟವು. ಅರಣ್ಯ ಇಲಾಖೆಯವರು ಸುತ್ತ ಬೇಲಿ ಹಾಕಿ ಕಾದರು, ಊರಿನವರೂ ಕೈಜೋಡಿಸಿದರು, ಮರಿಗಳು ಕಡಲಿಗೆ ಹೋದವು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ ಇರುತ್ತವೆ, ಮರಿಯಾಗಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಆ ಗೂಡಿನ ಮೇಲೆ ಗಾಡಿ ಹೋದರೆ ಮರಳು ಒತ್ತಿ ಗಟ್ಟಿಯಾಗುತ್ತದೆ. ಗೂಡು ಉಳಿದರೂ ಟೈರು ಕೊರೆದ ಗುಂಡಿಸಾಲಿನಲ್ಲಿ ಮರಿ ಸಿಕ್ಕಿಹಾಕಿಕೊಳ್ಳುತ್ತದೆ, ನೀರಿಗೆ ತಲುಪುವ ಮೊದಲೇ ಕಾಗೆ, ನಾಯಿ ಪಾಲು. ದಸರಾ ಹೊತ್ತಿಗೆ ಮೊಟ್ಟೆ ಇರುವುದಿಲ್ಲ, ನಿಜ. ಆದರೆ ಅಕ್ಟೋಬರಿನಲ್ಲಿ ಓಡುವ ಅದೇ ಗಾಡಿ ಜನವರಿಯಲ್ಲೂ ಅಲ್ಲೇ ಓಡುತ್ತದೆ ಅಲ್ವಾ? ಪಡುಬಿದ್ರಿ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಅದು. ಆ ಮಾನ್ಯತೆಯ ನಿಯಮಗಳಲ್ಲೇ ಅನುಮತಿ ಇಲ್ಲದ ಗಾಡಿಗಳು ಮರಳಿಗೆ ಇಳಿಯಬಾರದು ಅಂತ ಇದೆ. ಎಲ್ಲ ಬೀಚಿಗೂ ಈ ನಿಯಮ ಬರಬೇಕು ಅನ್ನುವುದು ನನ್ನ ಆಸೆ.

ಹಾಗಾದರೆ ಎಲ್ಲಿ? ಘಟ್ಟದ ಕಾಡು ಕೇಳುವುದೇ ಬೇಡ. ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಹೀಗೆಲ್ಲ ಮನಸ್ಸಿಗೆ ಬಂದ ಹಾಗೆ ಗಾಡಿ ಓಡಿಸುವಂತಿಲ್ಲ, ಓಡಿಸಲೂ ಬಾರದು. ಉಳಿದದ್ದು ಖಾಸಗಿ ಜಾಗ. ಭಾವನಿಗೆ ಯಾರೋ ಹೇಳಿದ್ದರಂತೆ, ಹಿರಿಯಡಕ ದಾಟಿ ಬೈಲೂರು ಕಡೆಗೆ ಹೋದರೆ ಒಳಗೆ ಒಂದು ಹಳೆಯ ರಬ್ಬರ್ ತೋಟ ಇದೆ, ಅದಕ್ಕೆ ಸೇರಿದ ಪದವು, ಅಂದರೆ ಚಪ್ಪಟೆ ಗುಡ್ಡದ ಬಯಲೂ ಇದೆ, ಅಲ್ಲಿ ಕ್ವಾಡ್ ಮತ್ತು ಕಾರಿನ ಥರ ಸ್ಟೀರಿಂಗ್ ಇರುವ ಬಗ್ಗಿ ಎರಡೂ ಇಟ್ಟುಕೊಂಡಿದ್ದಾರೆ, ಸುಮ್ನೆ ರೌಂಡು ಹೊಡೆಸುವುದಲ್ಲ, ಕಲಿಸಿ ಕರೆದುಕೊಂಡು ಹೋಗುತ್ತಾರೆ ಅಂತ.

ಫೋನ್ ಮಾಡಿದೆ. ಆ ಕಡೆಯವರು ಮೊದಲು ಕೇಳಿದ್ದು ವಯಸ್ಸು. ಯಾರ್‍ಯಾರು ಬರುತ್ತೀರಿ, ಎಷ್ಟು ವರ್ಷ, ಬೆನ್ನು ನೋವು, ಕುತ್ತಿಗೆ ನೋವು ಯಾರಿಗಾದರೂ ಉಂಟಾ, ಗರ್ಭಿಣಿಯರು ಇದ್ದಾರಾ. ಹನ್ನೊಂದು ವರ್ಷದ ಹುಡುಗ ಇದ್ದಾನೆ ಅಂದೆ. "ಅವನಿಗೆ ಕ್ವಾಡ್ ಓಡಿಸ್ಲಿಕ್ಕೆ ಕೊಡುವುದಿಲ್ಲ. ಬಗ್ಗಿಯಲ್ಲಿ ನಮ್ಮ ಹುಡುಗನ ಪಕ್ಕ ಕೂರಿಸುತ್ತೇವೆ" ಅಂದರು. ಅಲ್ಲೇ ನನಗೆ ಅರ್ಧ ನಂಬಿಕೆ ಬಂತು. ಕ್ವಾಡ್ ತಯಾರಿಸುವ ಕಂಪನಿಗಳೇ ದೊಡ್ಡವರ ಗಾಡಿಯನ್ನು 16 ವರ್ಷದೊಳಗಿನವರಿಗೆ ಕೊಡಬಾರದು ಅಂತ ಗಾಡಿಯ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತವೆ. ಆ ಸ್ಟಿಕ್ಕರನ್ನು ಓದಿ ಪಾಲಿಸುವವರು ಬೇಕಲ್ಲ.

ಬೆಲೆ ಬೀಚಿನ ರೌಂಡಿಗಿಂತ ಎಷ್ಟೋ ಜಾಸ್ತಿ. ಅಕ್ಕ ಸ್ವಲ್ಪ ಗೊಣಗಿದಳು. ಎರಡು ಗಂಟೆಗೂ ಮೀರಿದ ಸಮಯ, ಒಬ್ಬೊಬ್ಬರಿಗೆ ಒಂದೊಂದು ಗಾಡಿ, ಎಲ್ಲ ರಕ್ಷಣೆಯ ಸಾಮಾನು, ಹಿಂದೆ ಮುಂದೆ ಇಬ್ಬರು ಗೈಡು. ಅಷ್ಟಕ್ಕೆ ಆ ದುಡ್ಡು ನ್ಯಾಯ ಅನ್ನಿಸಿತು ನನಗೆ.

ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿದ್ದೆವು. ಶೂ ಕಡ್ಡಾಯ ಅಂತ ಮೊದಲೇ ಹೇಳಿದ್ದರು, ಪಾದದ ಗಂಟು ಮುಚ್ಚುವಂಥದ್ದಾದರೆ ಒಳ್ಳೆಯದು. ಫುಲ್ ಪ್ಯಾಂಟು, ಫುಲ್ ತೋಳಿನ ಅಂಗಿ. ದುಪಟ್ಟಾ, ಶಾಲು, ನೇತಾಡುವ ಯಾವುದೂ ಬೇಡ, ಚಕ್ರಕ್ಕೆ ಸಿಕ್ಕಿದರೆ ಅಪಾಯ. ಒಂದು ಫಾರಂ ತುಂಬಿಸಿದರು. ಅದನ್ನು ಓದದೆ ಸಹಿ ಹಾಕಬೇಡಿ. ನಾವು ಪೂರ್ತಿ ಓದಿದೆವು, ಗಾಡಿಗೆ ಹಾನಿಯಾದರೆ ಯಾರು ಕೊಡಬೇಕು, ನಮಗೆ ಪೆಟ್ಟಾದರೆ ಏನು ವ್ಯವಸ್ಥೆ ಅನ್ನುವುದನ್ನು ಕೇಳಿ ಬರೆಸಿಕೊಂಡೆವು. ಹಿಂದಿನ ರಾತ್ರಿ ಕುಡಿದಿದ್ದೀರಾ ಅಂತ ಭಾವನನ್ನು ನೇರವಾಗಿ ಕೇಳಿದರು. ಭಾವ ಕುಡಿಯುವವರೇ ಅಲ್ಲ, ಆದರೂ ಆ ಪ್ರಶ್ನೆ ಅವರಿಗೆ ಇಷ್ಟವಾಯಿತು.

ಹೆಲ್ಮೆಟ್ ಹಾಕಿಸುವುದಕ್ಕೇ ತುಂಬ ಹೊತ್ತು ಹಿಡಿಯಿತು. ಗಲ್ಲ ಮುಚ್ಚುವ ಹೆಲ್ಮೆಟ್, ಕಣ್ಣಿಗೆ ಗಾಗಲ್ಸು, ಕೈಗೆ ಗ್ಲೌಸು, ಮೊಣಕೈ ಮೊಣಕಾಲಿಗೆ ಗಾರ್ಡು. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿ ನೋಡಿದರು, ಒಳಗೆ ತಲೆ ತಿರುಗಿದರೆ ಸೈಜು ದೊಡ್ಡದು ಅಂತ ಬದಲಿಸಿದರು. ಹೆಲ್ಮೆಟ್ ಒಳಗೆ ಹಾಕಲು ಹತ್ತಿ ಬಟ್ಟೆಯ ಟೊಪ್ಪಿ ಬೇರೆ ಕೊಟ್ಟರು, ಒಗೆದದ್ದು. ಇಂಥ ಸಣ್ಣ ವಿಷಯ ನೋಡಿಯೇ ನನಗೆ ಒಂದು ಜಾಗ ಹೇಗಿದೆ ಅಂತ ಗೊತ್ತಾಗುವುದು.

ಈಗ ಕಲಿಕೆಯ ವಿಷಯ. ನಾನು ಬರೆಯಬೇಕು ಅಂದುಕೊಂಡದ್ದೇ ಇದನ್ನು.

ಗೈಡು ಕಾರ್ಕಳ ಕಡೆಯ ಹುಡುಗ, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಮ್ಮನ್ನು ಅಕ್ಕ, ಅಣ್ಣ ಅಂತಲೇ ಕರೆದ. ಮೊದಲು ಟೈರು ಮುಟ್ಟಿಸಿದ. ಕೈಯಿಂದ ಒತ್ತಿದರೆ ತಗ್ಗುತ್ತದೆ. "ಪಂಕ್ಚರ್ ಅಲ್ಲ ಅಕ್ಕ, ಗಾಳಿ ಇಷ್ಟೇ ಹಾಕುವುದು" ಅಂದ. ಕಾರಿನ ಟೈರಿಗೆ ಮೂವತ್ತರ ಮೇಲೆ ಗಾಳಿ ಹಾಕಿಸುತ್ತೇವಲ್ಲ, ಇದಕ್ಕೆ ಐದಾರು ಪಿಎಸ್‌ಐ ಸಾಕು. ಗಾಳಿ ಕಡಿಮೆ ಇರುವುದರಿಂದ ಟೈರು ನೆಲದ ಮೇಲೆ ಹರಡಿಕೊಂಡು ಕೂರುತ್ತದೆ, ಕಲ್ಲಿನ ಮೇಲೆ, ಕೆಸರಿನ ಮೇಲೆ ಹಿಡಿತ ಸಿಗುತ್ತದೆ. ಅದೇ ಕಾರಣಕ್ಕೆ ಇದನ್ನು ಡಾಂಬರು ರಸ್ತೆಯಲ್ಲಿ ಓಡಿಸಬಾರದು. ಇಂಥ ಬಾಡಿಗೆ ಗಾಡಿಗೆ ನಂಬರ್ ಪ್ಲೇಟೂ ಇಲ್ಲ, ಪಂಚಾಯತ್ ರಸ್ತೆಗೆ ತರುವ ಹಾಗೂ ಇಲ್ಲ.

ಆಮೇಲೆ ಎಕ್ಸಲರೇಟರ್. ಸ್ಕೂಟರಿನ ಹಾಗೆ ತಿರುಗಿಸುವುದಲ್ಲ, ಬಲಗೈಯ ಹೆಬ್ಬೆರಳಿನಿಂದ ಒತ್ತುವ ಒಂದು ಸಣ್ಣ ಲಿವರು. ಯಾಕೆ ಹಾಗೆ ಅಂತ ಅಕ್ಕನ ಮಗಳು ಕೇಳಿದಳು. ಉತ್ತರ ಚೆನ್ನಾಗಿತ್ತು. ಗುಂಡಿಗೆ ಬಿದ್ದಾಗ ಮೈ ಹಿಂದಕ್ಕೆ ಹೋಗುತ್ತದೆ. ಹಿಡಿ ತಿರುಗಿಸುವ ಎಕ್ಸಲರೇಟರ್ ಆಗಿದ್ದರೆ ಆಗ ಕೈ ತನ್ನಿಂದ ತಾನೇ ಇನ್ನೂ ತಿರುಗಿ ಗಾಡಿ ಮುಂದಕ್ಕೆ ಹಾರುತ್ತದೆ. ಹೆಬ್ಬೆರಳಿನದಾದರೆ ಬೆರಳು ಸಡಿಲವಾಗುತ್ತದೆ, ಗಾಡಿ ನಿಧಾನವಾಗುತ್ತದೆ. ಗೇರು ಸ್ಕೂಟರಿನ ಥರ ಬೆಲ್ಟಿನದು, ಕ್ಲಚ್ಚಿಲ್ಲ. ಆದರೆ ಏರಿಗೆ, ಇಳಿತಕ್ಕೆ ಬೇರೆಯಾಗಿ ಲೋ ಗೇರು ಇದೆ, ರಿವರ್ಸ್ ಇದೆ. ಕೈಗೆ ಒಂದು ದಾರ ಕಟ್ಟಿದರು, ನಾವು ಗಾಡಿಯಿಂದ ಬಿದ್ದರೆ ಅದು ಕಿತ್ತು ಎಂಜಿನ್ ಆಫ್ ಆಗುತ್ತದೆ.

ಇಷ್ಟೆಲ್ಲ ಆದ ಮೇಲೆ ಅವನು ನಿಂತು, ಒಬ್ಬೊಬ್ಬರ ಮುಖ ನೋಡಿ ಹೇಳಿದ. "ಒಂದೇ ಒಂದು ಮಾತು ನೆನಪಿಟ್ಟುಕೊಳ್ಳಿ. ಕಾಲು ನೆಲಕ್ಕೆ ಇಡಬೇಡಿ. ಗಾಡಿ ವಾಲಿದರೂ ಇಡಬೇಡಿ, ನಿಂತಾಗಲೂ ಇಡಬೇಡಿ. ಫುಟ್‌ರೆಸ್ಟ್ ಮೇಲೆಯೇ ಇರಬೇಕು."

ಟೂವೀಲರ್ ಓಡಿಸಿ ಅಭ್ಯಾಸವಿದ್ದವರಿಗೆ ಇದು ಬಹಳ ಕಷ್ಟ. ಭಾವ ಇಪ್ಪತ್ತು ವರ್ಷದಿಂದ ಬುಲೆಟ್ ಓಡಿಸುವವರು, ಬ್ರೇಕ್ ಹಾಕಿದ ತಕ್ಷಣ ಅವರ ಎಡಗಾಲು ಕೆಳಗೆ ಹೋಗುತ್ತಿತ್ತು. ಕ್ವಾಡಿನಲ್ಲಿ ಕಾಲಿನ ಹಿಂದೆಯೇ ಹಿಂದಿನ ಚಕ್ರ ಇರುತ್ತದೆ. ಗಾಡಿ ಚಲಿಸುವಾಗ ಕಾಲು ಕೆಳಗಿಟ್ಟರೆ ನಮ್ಮದೇ ಚಕ್ರ ನಮ್ಮ ಹಿಮ್ಮಡಿಯ ಮೇಲೆ ಹತ್ತಿ ಕಾಲನ್ನು ಒಳಗೆ ಎಳೆದುಕೊಳ್ಳುತ್ತದೆ. ಗೈಡು ಸಿಟ್ಟಾಗಲಿಲ್ಲ. ಪ್ರತಿ ಸಲ "ಅಣ್ಣ, ಕಾಲು" ಅಂತ ಅಷ್ಟೇ ಹೇಳಿದ. ಭಾವನ ಕಾಲು ಸರಿಯಾಗುವ ತನಕ ನಮ್ಮನ್ನು ಆ ಅಂಗಳದಿಂದ ಹೊರಗೆ ಬಿಡಲಿಲ್ಲ.

ತಿರುಗಿಸುವುದೂ ಬೇರೆಯೇ. ಸ್ಕೂಟರ್ ತಿರುವಿನಲ್ಲಿ ನಮ್ಮ ಜೊತೆ ವಾಲುತ್ತದೆ. ಕ್ವಾಡ್ ವಾಲುವುದಿಲ್ಲ. ನಮಗೆ ಕೊಟ್ಟ ಗಾಡಿಯಲ್ಲಿ ಹಿಂದಿನ ಎರಡು ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್, ಅಂದರೆ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಿನ ಚಕ್ರಕ್ಕೆ ಕಡಿಮೆ ದೂರ, ಹೊರಗಿನದಕ್ಕೆ ಜಾಸ್ತಿ ದೂರ ಅಲ್ವಾ? ಕಾರಿನಲ್ಲಿ ಇದನ್ನು ಡಿಫರೆನ್ಷಿಯಲ್ ನೋಡಿಕೊಳ್ಳುತ್ತದೆ. ಇಲ್ಲಿ ಅದಿಲ್ಲ, ಹಾಗಾಗಿ ಹ್ಯಾಂಡಲ್ಲು ತಿರುಗಿಸಿದರೂ ಗಾಡಿಗೆ ನೇರ ಹೋಗುವ ಆಸೆ. ನಾವೇ ಮೈಯನ್ನು ತಿರುವಿನ ಒಳಗಡೆಗೆ ಬಾಗಿಸಿ, ಹೊರಗಿನ ಕಾಲಿನ ಮೇಲೆ ಭಾರ ಹಾಕಬೇಕು. ಆಗ ಒಳಗಿನ ಚಕ್ರ ಹಗುರಾಗಿ ಸ್ವಲ್ಪ ಜಾರುತ್ತದೆ, ಗಾಡಿ ತಿರುಗುತ್ತದೆ. ಕೇಳುವಾಗ ತಲೆಗೆ ಹತ್ತುವುದಿಲ್ಲ. ಕೋನ್ ಇಟ್ಟು ಎಂಟಿನ ಆಕಾರದಲ್ಲಿ ಸುತ್ತು ಹಾಕಿಸಿದಾಗ ಮೈಗೆ ಹತ್ತಿತು.

ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸಿದ್ದು ಅಕ್ಕ. ಅವಳು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಸ್ಕೂಟಿ ಓಡಿಸಿದ್ದು ಬಿಟ್ಟರೆ ಬೇರೆ ಗೊತ್ತಿಲ್ಲದವಳು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಏರಿನಲ್ಲಿ ಮುಂದಕ್ಕೆ ಬಾಗು ಅಂದರೆ ಬಾಗಿದಳು, ಇಳಿಯುವಾಗ ಸೀಟಿನ ಹಿಂದಕ್ಕೆ ಸರಿ ಅಂದರೆ ಸರಿದಳು. ಗೈಡು ಅವಳನ್ನು ಸಾಲಿನಲ್ಲಿ ತನ್ನ ಹಿಂದೆಯೇ ಇಟ್ಟುಕೊಂಡ.

ತೋಟದ ದಾರಿಯಿಂದ ಹೊರಟೆವು. ರಬ್ಬರ್ ಮರಗಳ ಸಾಲಿನ ನಡುವೆ ಕೆಂಪು ಮಣ್ಣಿನ ದಾರಿ, ಮೇಲೆ ಒದ್ದೆ ಎಲೆ. ಉಡುಪಿ ಕಡೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಬಂದಿದ್ದರೂ ನೆಲ ಇನ್ನೂ ನೀರು ಬಿಟ್ಟಿರುವುದಿಲ್ಲ. ಮರದ ಬೇರಿನ ಮೇಲೆ ಚಕ್ರ ಓರೆಯಾಗಿ ಹತ್ತಿದರೆ ಜಾರುತ್ತದೆ, ನೇರವಾಗಿ ಹತ್ತಬೇಕು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಐದಾರು ಗಾಡಿಯಷ್ಟು ಜಾಗ ಬಿಡಬೇಕು. ಮುಂದಿನವರು ಕೈ ಎತ್ತಿದರೆ ನಿಲ್ಲಬೇಕು, ಹಿಂದಿನವರಿಗೂ ಕೈ ಎತ್ತಿ ತೋರಿಸಬೇಕು. ಹಿಂದಿನ ತಿರುವು ದಾಟಿ ನಮ್ಮ ಹಿಂದಿನವರು ಬಂದರಾ ಅಂತ ನೋಡಿಕೊಳ್ಳುತ್ತಿರಬೇಕು.

ತೋಟ ಮುಗಿದ ತಕ್ಷಣ ಪದವು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನವರು ಓದುತ್ತಿದ್ದರೆ ಹೇಳುತ್ತೇನೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ ಚಪ್ಪಟೆ ಗುಡ್ಡದ ನೆತ್ತಿ ಅದು. ಮರ ಕಡಿಮೆ, ಹುಲ್ಲು, ಅಲ್ಲಲ್ಲಿ ಗೇರು, ಕೇಪಳ. ಮುರಕಲ್ಲು ನೆಲದಿಂದ ಕೊಯ್ಯುವಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ, ಹಾಗಾಗಿಯೇ ಕರಾವಳಿಯ ಮನೆಗಳೆಲ್ಲ ಅದರಿಂದ ಎದ್ದಿವೆ. ಪದವಿನ ಮೇಲ್ಮೈ ಒರಟು, ತೂತು ತೂತು. ಕ್ವಾಡಿನ ಟೈರಿಗೆ ಇದರಷ್ಟು ಒಳ್ಳೆಯ ನೆಲ ಇನ್ನೊಂದಿಲ್ಲ ಅಂತ ನನಗೆ ಅನ್ನಿಸಿತು. ಚೂರು ಚೂರು ಅಲುಗಾಡಿಸುತ್ತದೆ, ಆದರೆ ಹಿಡಿತ ಬಿಡುವುದಿಲ್ಲ. ನೆರಳಿರುವ ಕಡೆ, ನೀರು ಹರಿಯುವ ಕಡೆ ಮಾತ್ರ ಕಪ್ಪಗೆ ಪಾಚಿ ಕಟ್ಟಿರುತ್ತದೆ. ಅಲ್ಲಿ ಗಾಡಿ ಪಕ್ಕಕ್ಕೆ ಹೋಗುತ್ತದೆ. ಗೈಡು ಅಂಥ ಜಾಗ ಬಂದಾಗಲೆಲ್ಲ ನಿಂತು ಕೈ ತೋರಿಸುತ್ತಿದ್ದ.

ಪದವಿನ ಮಧ್ಯೆ ಒಂದು ಕಡೆ ನೇರ ಹೋಗದೆ ದೊಡ್ಡ ಸುತ್ತು ಹಾಕಿಸಿದರು. ನಿಲ್ಲಿಸಿ ತೋರಿಸಿದರು. ನೀರು ಜಿನುಗುವ ಕಲ್ಲಿನ ಮೇಲೆ ಬೆರಳಿನ ಉಗುರಿಗಿಂತ ಸಣ್ಣ ನೀಲಿ ಹೂವು, ಎಕರೆಗಟ್ಟಲೆ. ಯುಟ್ರಿಕ್ಯುಲೇರಿಯಾ ಅಂತ ಹೆಸರು, ಬೇರಿನ ಕಡೆ ಇರುವ ಪುಟ್ಟ ಚೀಲಗಳಿಂದ ನೀರಿನಲ್ಲಿರುವ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುವ ಗಿಡ. ಮಳೆಗಾಲದ ಕೊನೆಗೆ ಅರಳಿ, ಕಲ್ಲು ಒಣಗಿದ ಮೇಲೆ ಕಾಣಿಸುವುದೇ ಇಲ್ಲ. ಮಣಿಪಾಲ, ಬೈಂದೂರು ಕಡೆಯ ಪದವುಗಳಲ್ಲೂ ನೋಡಿದ್ದೇನೆ. ಬೇಸಿಗೆಯಲ್ಲಿ ನೋಡಿದವರು ಇದನ್ನು ಬರಡು ಭೂಮಿ ಅಂತ ಹೇಳಿಬಿಡುತ್ತಾರೆ. ಅಲ್ಲಿ ಒಂದು ಗಾಡಿ ಓಡಿಸಿದರೆ ಸಾಕು, ಆ ತೆಳ್ಳಗಿನ ಮಣ್ಣು ಎದ್ದುಹೋಗುತ್ತದೆ, ಮತ್ತೆ ಕೂರಲು ಎಷ್ಟೋ ಮಳೆಗಾಲ ಬೇಕು. ಇವರು ಹಗ್ಗ ಕಟ್ಟಿ ದಾರಿ ಬದಲಿಸಿದ್ದು ನೋಡಿ ನನಗೆ ತುಂಬಾ ಖುಷಿಯಾಯಿತು. ಅಕ್ಕನ ಮಗಳು ಗಾಡಿ ಆಫ್ ಮಾಡಿ ಮೊಣಕಾಲೂರಿ ಕೂತು ಫೋಟೋ ತೆಗೆಯುವಾಗ ನಾವೂ ಇಳಿದು ಸುಮ್ನೆ ನೋಡಿದೆವು. ಪೂರ್ವಕ್ಕೆ ಘಟ್ಟದ ಸಾಲು, ಮೇಲೆ ಮೋಡ.

ಅಲ್ಲಿಂದ ಮುಂದೆ ಕೋರೆ. ಕಲ್ಲು ಕೊಯ್ದು ಬಿಟ್ಟ ಹಳೆಯ ಕೋರೆ, ಗೋಡೆ ನೆಟ್ಟಗೆ ಕೆಳಗಿಳಿದಿದೆ, ಒಳಗೆ ಮಳೆ ನೀರು ಹಸಿರಾಗಿ ನಿಂತಿದೆ. ಇಂಥ ಕೋರೆಗಳಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಮಳೆಗಾಲ ಬಂತೆಂದರೆ ಓದುತ್ತೇವೆ. ನೀರು ಎಷ್ಟು ಆಳ ಅಂತ ಮೇಲಿನಿಂದ ಗೊತ್ತಾಗುವುದಿಲ್ಲ, ಹತ್ತಿ ಬರಲು ಇಳಿಜಾರು ಇರುವುದಿಲ್ಲ. ಇಲ್ಲಿ ಅಂಚಿನಿಂದ ತುಂಬ ಈಚೆಗೆ ತಂತಿ ಬೇಲಿ ಹಾಕಿದ್ದರು, ದಾರಿ ಬೇಲಿಯಿಂದಲೂ ದೂರ. ಆದರೂ ಗೈಡು ಎಲ್ಲರನ್ನೂ ಲೋ ಗೇರಿಗೆ ಹಾಕಿಸಿ, ಒಬ್ಬೊಬ್ಬರನ್ನಾಗಿ ದಾಟಿಸಿದ. ಹೀಗೆ ಬಿಟ್ಟುಹೋದ ಕೋರೆಗಳಿಗೆ ಬೇಲಿ ಹಾಕುವುದು ಕೊಯ್ದವರ ಜವಾಬ್ದಾರಿ. ಒಂದು ಗಾಡಿ ಓಡಿಸುವ ಜಾಗದವರು ಮಾಡಬಹುದಾದದ್ದನ್ನು ಉಳಿದವರೂ ಮಾಡಬಹುದು.

ಆಮೇಲೆ ಏರು. ಉದ್ದ ಏನಿಲ್ಲ, ಆದರೆ ಕಡಿದು, ಮೇಲೆ ಸಡಿಲ ಜಲ್ಲಿ. ಇಲ್ಲಿ ಕಲಿತದ್ದೆಲ್ಲ ಉಪಯೋಗಕ್ಕೆ ಬಂತು. ಕೆಳಗೇ ಲೋಗೆ ಹಾಕಿಕೊಂಡು, ಸೀಟಿನಿಂದ ಸ್ವಲ್ಪ ಎದ್ದು ಮುಂದಕ್ಕೆ ಬಾಗಿ, ಹೆಬ್ಬೆರಳನ್ನು ಒಂದೇ ಸಮ ಒತ್ತಿಕೊಂಡು ಹೋಗಬೇಕು, ಮಧ್ಯೆ ಬಿಟ್ಟು ಮತ್ತೆ ಒತ್ತಿದರೆ ಚಕ್ರ ಸುಮ್ನೆ ತಿರುಗಿ ಜಲ್ಲಿ ಎಸೆಯುತ್ತದೆ ಅಷ್ಟೇ. ಅಕ್ಕನ ಮಗಳ ಗಾಡಿ ಅರ್ಧದಲ್ಲಿ ನಿಂತಿತು. ಅವಳು ಹೆದರಿ ಕೂಗಿದಳು. ಗೈಡು ಕೆಳಗಿನಿಂದಲೇ, "ಬ್ರೇಕ್ ಹಿಡ್ಕೊಳ್ಳಿ, ಬಿಡಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ನಾನು ಬಂದೆ" ಅಂತ ಕೂಗಿ ಹತ್ತಿದ. ಏರಿನ ಮಧ್ಯೆ ಗಾಡಿ ಅಡ್ಡ ತಿರುಗಿಸಿದರೆ ಅದು ಪಕ್ಕಕ್ಕೆ ಉರುಳುತ್ತದೆ, ಎಲ್ಲಕ್ಕಿಂತ ಅಪಾಯ ಅದು. ಅವಳು ಹೇಳಿದ ಹಾಗೆ ಬ್ರೇಕ್ ಒತ್ತಿ ಹಿಡಿದಳು. ಪಾರ್ಕಿಗೆ ಹಾಕಿ, ಮೇಲಿನ ಬದಿಯಿಂದ ಇಳಿಸಿ, ಅವನೇ ಗಾಡಿಯನ್ನು ನೇರವಾಗಿ ರಿವರ್ಸಿನಲ್ಲಿ ಕೆಳಗೆ ತಂದ. ಐದು ನಿಮಿಷ ಬಿಟ್ಟು ಅವಳೇ ಮತ್ತೆ ಹತ್ತಿಸಿದಳು, ಈ ಸಲ ಮೇಲೆ ತಲುಪಿದಳು. ಅಕ್ಕ ಮೇಲೆ ನಿಂತು ಚಪ್ಪಾಳೆ ಹೊಡೆದಳು.

ಇಳಿದ ಮೇಲೆ ಒಂದು ತೋಡು, ಅಂದರೆ ಸಣ್ಣ ಹಳ್ಳ ದಾಟಬೇಕಿತ್ತು. ಗೈಡು ಮೊದಲು ನಡೆದು ಆಳ ನೋಡಿದ, ಮೊಣಕಾಲಿಗಿಂತ ಕೆಳಗೆ. ಫುಟ್‌ರೆಸ್ಟಿಗಿಂತ ಮೇಲೆ ನೀರಿದ್ದರೆ ಇಳಿಯಬಾರದು ಅನ್ನುವುದು ನಿಯಮ. ನಿಧಾನಕ್ಕೆ ದಾಟಿದೆವು, ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ನಾಲ್ಕೈದು ಸಲ ಒತ್ತಿ ಒಣಗಿಸಿದೆವು, ಒದ್ದೆ ಬ್ರೇಕು ಹಿಡಿಯುವುದಿಲ್ಲ. ನಮ್ಮ ಕಡೆ ಮಳೆಗಾಲದ ನೀರಿಗೆ ಇಳಿಯುವವರು ಇಲಿಜ್ವರದ ವಿಷಯ ಮರೆಯಬಾರದು. ಕಾಲಲ್ಲಿ ಗಾಯ ಇದ್ದರೆ ಅದರ ಮೂಲಕ ರೋಗಾಣು ಒಳಗೆ ಹೋಗಬಹುದು. ಭಾವನ ಪಾದದಲ್ಲಿ ಒಂದು ಸಣ್ಣ ಗಾಯವಿತ್ತು, ಅವರನ್ನು ಗೈಡು ಸೇತುವೆಯ ದಾರಿಯಿಂದ ಕಳಿಸಿದ. ವಾಪಸ್ ಬಂದ ಮೇಲೆ ಎಲ್ಲರಿಗೂ ಸೋಪು ಕೊಟ್ಟು ಕಾಲು ತೊಳೆಸಿದರು.

ಇನ್ನು ಬಗ್ಗಿ. ಇದು ಅಕ್ಕನ ಮಗ ಕಾದು ಕೂತಿದ್ದ ಸಮಯ. ನಾವು ಕ್ವಾಡಿನಲ್ಲಿ ಹೋಗುವಾಗ ಅವನು ಹಿಂದೆ ಬಗ್ಗಿಯಲ್ಲೇ ಬರುತ್ತಿದ್ದ, ಆದರೆ ನಮ್ಮ ವೇಗಕ್ಕೆ ನಿಧಾನವಾಗಿ. ಈಗ ನಿಜವಾದ ಓಟ. ಬಗ್ಗಿಗೆ ಹ್ಯಾಂಡಲ್ ಇಲ್ಲ, ಕಾರಿನ ಥರ ಸ್ಟೀರಿಂಗು, ಎರಡು ಪೆಡಲ್, ಅಕ್ಕಪಕ್ಕ ಎರಡು ಸೀಟು, ಸುತ್ತಲೂ ಕಬ್ಬಿಣದ ಪೈಪಿನ ಪಂಜರ. ಇದರ ಮೂಲ ಕ್ಯಾಲಿಫೋರ್ನಿಯಾ. 1964ರಲ್ಲಿ ಬ್ರೂಸ್ ಮೇಯರ್ಸ್ ಅನ್ನುವವರು ದೋಣಿ ಕಟ್ಟುವ ಫೈಬರ್‌ಗ್ಲಾಸ್ ಕೆಲಸ ಗೊತ್ತಿದ್ದವರು, ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಭಾಗಗಳ ಮೇಲೆ ಹಗುರವಾದ ಬಾಡಿ ಕೂರಿಸಿ ಮರಳ ದಿಬ್ಬಕ್ಕೆ ಇಳಿಸಿದರು, ಮೇಯರ್ಸ್ ಮ್ಯಾಂಕ್ಸ್ ಅಂತ ಅದರ ಹೆಸರು. ಕ್ವಾಡಿನ ಚರಿತ್ರೆ ಬೇರೆ, ಅದು ಮೂರು ಚಕ್ರದಿಂದ ಶುರುವಾದದ್ದು. ಮೂರು ಚಕ್ರದ ಗಾಡಿಗಳು ಉರುಳಿ ಜನ ಸಾಯತೊಡಗಿದ ಮೇಲೆ ಅಮೆರಿಕದಲ್ಲಿ 1988ರಲ್ಲಿ ಅವುಗಳ ಮಾರಾಟವೇ ನಿಂತಿತು.

ಬಗ್ಗಿಯಲ್ಲಿ ಎರಡು ಭುಜ, ಸೊಂಟ ಎಲ್ಲ ಸೇರಿಸಿ ನಾಲ್ಕು ಕಡೆ ಕಟ್ಟುವ ಬೆಲ್ಟು. ಬಾಗಿಲಿನ ಜಾಗದಲ್ಲಿ ಬಲೆ. ಬಲೆ ಯಾಕೆ ಅಂದರೆ ಗಾಡಿ ವಾಲಿದಾಗ ಮನುಷ್ಯ ಯೋಚಿಸದೆ ಕೈ ಹೊರಗೆ ಚಾಚಿ ನೆಲ ಹಿಡಿಯಲು ನೋಡುತ್ತಾನೆ, ಆಗ ಅಷ್ಟು ದೊಡ್ಡ ಗಾಡಿ ಕೈಯ ಮೇಲೆ ಬೀಳುತ್ತದೆ. "ಏನೇ ಆದರೂ ಕೈ ಒಳಗೆ, ಮುಂದಿನ ರಾಡು ಹಿಡ್ಕೊಳ್ಳಬೇಕು, ಆಯ್ತಾ?" ಅಂತ ಗೈಡು ಹುಡುಗನಿಂದಲೇ ಎರಡು ಸಲ ಹೇಳಿಸಿದ. ಹುಡುಗನ ಕಾಲು ನೆಲಕ್ಕೆ ಊರುತ್ತದಾ, ಬೆನ್ನು ಸೀಟಿಗೆ ತಾಗುತ್ತದಾ ಅಂತ ನೋಡಿದ ಮೇಲೆಯೇ ಬೆಲ್ಟ್ ಬಿಗಿದದ್ದು. ಗಿಡ್ಡ ಮಕ್ಕಳನ್ನು ದಿಂಬು ಇಟ್ಟು ಕೂರಿಸುವ ಕಡೆಗಳೂ ಇವೆ, ಹಾಗೆ ಮಾಡಿದರೆ ಬೆಲ್ಟು ಇದ್ದೂ ಪ್ರಯೋಜನವಿಲ್ಲ.

ಅವರು ಹೋಗಿ ಬಂದ ಮೇಲೆ ನಾನು ಸ್ಟೀರಿಂಗ್ ಹಿಡಿದೆ, ಪಕ್ಕದಲ್ಲಿ ಗೈಡು. ನೆಲಕ್ಕೆ ಬಹಳ ಹತ್ತಿರ ಕೂತಿರುತ್ತೇವೆ, ಹಾಗಾಗಿ ಮೂವತ್ತರ ವೇಗವೂ ಅರವತ್ತರ ಹಾಗೆ ಅನ್ನಿಸುತ್ತದೆ. ಸಸ್ಪೆನ್ಷನ್ ಉದ್ದ, ಕ್ವಾಡಿನಲ್ಲಿ ಸೊಂಟಕ್ಕೆ ಬಂದ ಪೆಟ್ಟು ಇಲ್ಲಿ ಅರ್ಧವೂ ಇಲ್ಲ. ಕೆಂಪು ಕೆಸರು ಮಾತ್ರ ನೇರ ಮುಖಕ್ಕೆ. ದಿಬ್ಬದ ನೆತ್ತಿ ದಾಟುವಾಗ ಒಂದು ಕ್ಷಣ ಮುಂದೆ ಬರೀ ಆಕಾಶ ಕಾಣುತ್ತದೆ, ನೆಲ ಕಾಣುವುದೇ ಇಲ್ಲ. ಆಚೆ ಏನಿದೆ ಅಂತ ಗೊತ್ತಿಲ್ಲದ ದಿಬ್ಬ ಹಾರಿಸಬಾರದು ಅಂತ ಅಲ್ಲಿ ಅರ್ಥವಾಗುತ್ತದೆ. ನನಗೆ ಎರಡರಲ್ಲಿ ಕ್ವಾಡೇ ಜಾಸ್ತಿ ಇಷ್ಟ. ಬಗ್ಗಿಯಲ್ಲಿ ಗಾಡಿ ಎಲ್ಲ ಮಾಡುತ್ತದೆ, ಕೂತು ತಿರುಗಿಸಿದರೆ ಆಯಿತು. ಕ್ವಾಡಿನಲ್ಲಿ ಪ್ರತಿ ಕಲ್ಲಿಗೂ ನಮ್ಮ ಮೈ ಉತ್ತರ ಕೊಡಬೇಕು. ಭಾವನಿಗೆ ಬಗ್ಗಿ ಇಷ್ಟ, ಹುಡುಗನ ಉತ್ತರ ಕೇಳುವುದೇ ಬೇಡ.

ಮುಗಿದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಹುರುಳಿ ಚಟ್ನಿ ಕೊಟ್ಟರು. ಆ ಹಸಿವಿಗೆ ಅಮೃತ. ಮರುದಿನ ಬಲಗೈಯ ಹೆಬ್ಬೆರಳ ಬುಡ, ತೋಳು, ತೊಡೆ ಎಲ್ಲ ನೋವು, ಎರಡು ದಿನದಲ್ಲಿ ಹೋಯಿತು. ಮುರಕಲ್ಲಿನ ಕೆಂಪು ಬಣ್ಣ ಬಟ್ಟೆಯಿಂದ ಪೂರ್ತಿ ಹೋಗುವುದಿಲ್ಲ, ಹಳೆಯ ಬಟ್ಟೆಯೇ ಹಾಕಿಕೊಳ್ಳಿ.

ನೀವು ಎಲ್ಲಿಗೇ ಹೋಗುವುದಿದ್ದರೂ ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಿ. ಓಡಿಸುವ ಮೊದಲು ಎಷ್ಟು ಹೊತ್ತು ಕಲಿಸುತ್ತೀರಿ ಅಂತ ಕೇಳಿ, ಅರ್ಧ ಗಂಟೆಗಿಂತ ಕಡಿಮೆ ಅಂದರೆ ಬಿಟ್ಟುಬಿಡಿ. ಒಂದೇ ಸೀಟಿನ ಕ್ವಾಡಿನಲ್ಲಿ ಇಬ್ಬರನ್ನು ಕೂರಿಸುತ್ತೀರಾ ಅಂತ ಕೇಳಿ, ಹೌದು ಅಂದರೆ ಅಲ್ಲಿಗೆ ಹೋಗಲೇಬೇಡಿ, ಹಿಂದೆ ಭಾರ ಜಾಸ್ತಿಯಾದರೆ ಏರಿನಲ್ಲಿ ಗಾಡಿ ಹಿಂದಕ್ಕೆ ಮಗುಚುತ್ತದೆ. ಜಾಗ ಯಾರದು, ಓಡಿಸಲು ಅನುಮತಿ ಇದೆಯಾ ಅನ್ನುವುದನ್ನೂ ಕೇಳಿ. ಸರಿಯಾಗಿ ನಡೆಸುವವರು ಇದಕ್ಕೆಲ್ಲ ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ. ಮಳೆ ಜೋರಿರುವ ಜೂನ್‌ನಿಂದ ಆಗಸ್ಟ್ ತನಕ ಇವರು ಮುಚ್ಚಿರುತ್ತಾರೆ. ಅಕ್ಟೋಬರಿನಲ್ಲಿ ಹೂವಿದೆ, ಕೆಸರಿದೆ. ಡಿಸೆಂಬರಿನಲ್ಲಿ ತೋಡು ಸಣ್ಣದಾಗಿ ಧೂಳು ಜಾಸ್ತಿಯಾಗುತ್ತದಂತೆ, ಆದರೆ ಏರು ಹತ್ತುವುದು ಸುಲಭವಂತೆ. ಕ್ರಿಸ್ಮಸ್ ರಜೆಗೆ ಅಕ್ಕ ಈಗಾಗಲೇ ಫೋನ್ ಮಾಡಿ ಹೆಸರು ಬರೆಸಿಯಾಗಿದೆ.